ಡೆಡ್ ಟೈಮ್ ಕಮ್ಮಿ ಇಟ್ರ ಮಾಡ್ಯೂಲ್ ಸುಡ್ತದ, ಜಾಸ್ತಿ ಇಟ್ರ ಮೋಟರ್ ಜಗ್ಗಂಗಿಲ್ಲ, ಏನ್ ಮಾಡ್ಬೇಕು?

ಪ್ರಶ್ನೆ: ನಮಸ್ಕಾರ ಸರ್. ನಾನು ಹುಮನಾಬಾದಿನವ, ಇಲೆಕ್ಟ್ರಾನಿಕ್ಸ್ ಡಿಪ್ಲೊಮಾ ಆಗ್ಯದ, ನಮ್ಮ ಕಾಕಾನ ಮೋಟರ್ ರಿವೈಂಡಿಂಗ್ ಅಂಗಡಿಯಾಗ ಕೆಲಸ ಮಾಡ್ತೀನಿ. ಒಂದು ದಾಲ್ ಮಿಲ್ಲಿನ ಫೀಡರಿಗಿ 3 ಎಚ್‌ಪಿ, 415 ವೋಲ್ಟಿನ ಮೋಟರ್ ಅದ, ಅದರ ಸ್ಪೀಡ್ ಕಂಟ್ರೋಲಿಗಿ ನಾನೇ ಒಂದು ಇನ್ವರ್ಟರ್ ಮಾಡೀನಿ. 1200 ವೋಲ್ಟ್ 25 ಆಂಪಿಯರಿನ ಐಜಿಬಿಟಿ (ದೊಡ್ಡ ಕರೆಂಟ್ ಆನ್-ಆಫ್ ಮಾಡೋ ಟ್ರಾನ್ಸಿಸ್ಟರ್) ಮಾಡ್ಯೂಲ್, ಆಪ್ಟೊ ಗೇಟ್ ಡ್ರೈವರ್ (ಬೆಳಕಿನ ಮೂಲಕ ಸಿಗ್ನಲ್ ದಾಟಿಸಿ ಐಜಿಬಿಟಿ ಗೇಟ್ ನಡೆಸೋ ಚಿಪ್), ಗೇಟಿಗಿ 100 ಓಮ್ ರೆಸಿಸ್ಟರ್, ಗೇಟ್ ಸಪ್ಲೈ ಪ್ಲಸ್ 15 ಮತ್ತು ಸೊನ್ನಿ, ಕಂಟ್ರೋಲಿಗಿ ಎಸ್‌ಟಿಎಂ32 ಎಫ್103 ಮೈಕ್ರೊಕಂಟ್ರೋಲರ್, ಪಿಡಬ್ಲ್ಯೂಎಂ (ಪಲ್ಸಿನ ಅಗಲ ಬದಲಿಸಿ ವೋಲ್ಟೇಜ್ ಹೊಂದಿಸೋದು) 10 ಕಿಲೋಹರ್ಟ್ಜ್. ಡೆಡ್ ಟೈಮ್, ಅಂದ್ರ ಒಂದು ಐಜಿಬಿಟಿ ಆಫ್ ಮಾಡಿ ಅದರ ಜೋಡಿದನ್ನ ಆನ್ ಮಾಡೋ ನಡುವಿನ ಬಿಡುವು, 1 ಮೈಕ್ರೊಸೆಕೆಂಡ್ ಇಟ್ಟಾಗ ಎರಡು ಮಾಡ್ಯೂಲ್ ಢಂ ಅಂದವು. 4 ಮೈಕ್ರೊಸೆಕೆಂಡ್ ಮಾಡಿದ ಮ್ಯಾಲ ಸುಡೋದು ನಿಂತದ, ಆದ್ರ 8 ಹರ್ಟ್ಜ್ ಕೆಳಗ ಮೋಟರ್ ಗುರ್ರ್ ಅಂತದ, ನಡಗ್ತದ, ಲೋಡ್ ಎಳೆಯಂಗಿಲ್ಲ. 40-50 ಹರ್ಟ್ಜಿನ್ಯಾಗ ಮಸ್ತ್ ಓಡ್ತದ. ವೋಲ್ಟೇಜ್ ಬೂಸ್ಟ್ ಏರಿಸಿದ್ರ ಮೋಟರ್ ಬಿಸಿ ಆಗ್ತದ. ಒಬ್ರು 1.5 ಇಡು ಅಂತಾರ, ಇನ್ನೊಬ್ರು 5 ಇಡು ಅಂತಾರ. ಖರೇ ಎಷ್ಟಿಡ್ಬೇಕು? ಸಾಫ್ಟ್‌ವೇರಿನ್ಯಾಗ ಇದಕ್ಕೇನಾದ್ರೂ ದಾರಿ ಅದ ಏನ್ರಿ?

ಉತ್ತರ: ನೋಡ್ರಿ ತಮ್ಮಾ, ಮೊದ್ಲು ಸೀದಾ ಉತ್ತರ ಹೇಳಿಬಿಡ್ತೀನಿ, ಆಮ್ಯಾಲ ಯಾಕಂತ ಹೇಳ್ತೀನಿ. ನಿಮ್ಮ ಸರ್ಕ್ಯೂಟ್ ಈಗ ಹ್ಯಾಂಗದ ಹಂಗ ಇದ್ರ 1 ಮೈಕ್ರೊಸೆಕೆಂಡ್ ಸಾಲಂಗಿಲ್ಲ, 4 ಭಾಳ ಆಯ್ತು, 2ರ ಸುತ್ತಮುತ್ತ ಇರ್ಬೇಕು. ಆದ್ರ ಬರೇ 2 ಅಂತ ಬರೆದು ಪವರ್ ಕೊಟ್ಟುಬಿಟ್ರ ನಿಮ್ಮ ತ್ರಾಸು ಹೋಗಂಗಿಲ್ಲ, ಯಾಕಂದ್ರ ನಿಮ್ದು ಒಂದು ರೋಗ ಅಲ್ಲ, ಎರಡು. ಮಾಡ್ಯೂಲ್ ಸುಡೋದು ಒಂದು, ಕೆಳಗಿನ ಸ್ಪೀಡಿನ್ಯಾಗ ಗುರ್ರ್ ಅನ್ನೋದು ಇನ್ನೊಂದು. ಎರಡನೇದನ್ನ ಗುಣಪಡಿಸ್ಲಿಕ್ಕ ಡೆಡ್ ಟೈಮ್ ಕಡಿಮಿ ಮಾಡ್ಕೋತ ಹೋದ್ರ ಮೊದಲನೇದು ತಿರುಗಿ ಬರ್ತದ. ಡೆಡ್ ಟೈಮ್ ಎಷ್ಟಿರ್ಬೇಕು ಅನ್ನೋದನ್ನ ಡಿವೈಸ್ ಹೇಳ್ತದ, ಮೋಟರ್ ಹೇಳಂಗಿಲ್ಲ. ಮೋಟರಿಗಿ ಕಮ್ಮಿ ಬಿದ್ದಿದ್ದನ್ನ ಸಾಫ್ಟ್‌ವೇರಿನ್ಯಾಗ ವಾಪಸ್ ಕೊಡ್ಬೇಕು.

ಒಂದು ಫೇಸಿಗಿ ಮ್ಯಾಲೊಂದು ಕೆಳಗೊಂದು ಐಜಿಬಿಟಿ ಇರ್ತಾವ, ಎರಡೂ ಸೇರಿ ಡಿಸಿ ಬಸ್ಸಿನ (ಲೈನಿನ ಎಸಿ ರೆಕ್ಟಿಫೈ ಆಗಿ ಬಂದ ಡಿಸಿ ಲೈನಿನ) ಪ್ಲಸ್-ಮೈನಸ್ ನಡುವ ಕೂತಿರ್ತಾವ. ಎರಡೂ ಒಮ್ಮೆಲೇ ಆನ್ ಆದ್ರ ಬಸ್ಸಿನ ಕೆಪಾಸಿಟರಿನ ಅಷ್ಟೂ ಶಕ್ತಿ ಅವೆರಡರ ಮೂಲಕಾನೇ ಹರೀತದ, ಇದಕ್ಕ ಶೂಟ್ ಥ್ರೂ ಅಂತಾರ. ಗೋದಾಮಿಗಿ ಒಂದೇ ಸಣ್ಣ ಬಾಗಿಲಿದ್ರ ಒಳಗಿನ ಹಮಾಲ ಚೀಲ ಹೊತ್ತು ಪೂರಾ ಹೊರಗ ಬರೋತನ ಹೊರಗಿನವ ನಿಂತಿರ್ಬೇಕಲ್ಲ, ಡೆಡ್ ಟೈಮ್ ಅಂದ್ರ ಅಷ್ಟೇ. ಐಜಿಬಿಟಿ ಆನ್ ಆಗೋದು ಬ್ಯಾಗನ, ಆಫ್ ಆಗೋದು ತಡ. ಅದರೊಳಗ ತುಂಬಿಕೊಂಡಿದ್ದ ಚಾರ್ಜ್ ಖಾಲಿ ಆಗೋತನ ಸಣ್ಣ ಬಾಲದ ಹಂಗ ಕರೆಂಟ್ ಹರೀತಾನೇ ಇರ್ತದ, ಅದನ್ನ ಟೇಲ್ ಕರೆಂಟ್ ಅಂತೀವಿ. ಬಿಸಿ ಏರಿದಷ್ಟೂ ಆ ಬಾಲ ಉದ್ದ ಆಗ್ತದ. ಹಳೇ ಕಾಲದ ಬೈಪೋಲಾರ್ ಟ್ರಾನ್ಸಿಸ್ಟರ್ ಡ್ರೈವಿನ್ಯಾಗ ಈ ಡೆಡ್ ಟೈಮ್ ಹತ್ತಿಪ್ಪತ್ತು ಮೈಕ್ರೊಸೆಕೆಂಡ್ ಇರ್ತಿತ್ತು, ಐಜಿಬಿಟಿ ಬಂದ ಮ್ಯಾಲ ಒಂದೆರಡು ಮೂರಕ್ಕ ಇಳೀತು, ಸಿಲಿಕಾನ್ ಕಾರ್ಬೈಡ್ ಬಂದ ಮ್ಯಾಲ ಒಂದು ಮೈಕ್ರೊಸೆಕೆಂಡಿನ ಒಳಗೇ ಬಂದದ. ಅದಕ್ಕೇ 1.5 ಇಡು, 5 ಇಡು ಅಂತ ಬಾಯಿ ಮಾತಿನ ಮ್ಯಾಲ ಯಾರಾದ್ರೂ ಹೇಳಿದ್ರ ಅವರು ಯಾವ ಡಿವೈಸಿನ ಮಾತು ಆಡ್ಲಿಕತ್ತಾರ ಅಂತ ಮೊದ್ಲು ಕೇಳ್ರಿ.

ಲೆಕ್ಕ ಹ್ಯಾಂಗಂದ್ರ: ಡಿವೈಸ್ ಆಫ್ ಆಗ್ಲಿಕ್ಕ ತಗೊಳ್ಳೋ ಅತೀ ಹೆಚ್ಚಿನ ಟೈಮಿನ್ಯಾಗ, ಆನ್ ಆಗ್ಲಿಕ್ಕ ತಗೊಳ್ಳೋ ಅತೀ ಕಡಿಮಿ ಟೈಮ್ ಕಳೀರಿ. ಅದಕ್ಕ ಎರಡು ಗೇಟ್ ಡ್ರೈವರ್‌ಗಳ ನಡುವಿನ ಡಿಲೇ ವ್ಯತ್ಯಾಸ ಕೂಡಿಸ್ರಿ. ಬಂದಿದ್ದನ್ನ 1.2ರಿಂದ ಗುಣಿಸ್ರಿ. ಇದು ಐಜಿಬಿಟಿ ಕೆಲಸ ಮಾಡೋರೆಲ್ಲಾ ಬಳಸೋ ಲೆಕ್ಕ. ಈಗ ನಿಮ್ಮ ಬೋರ್ಡಿಗಿ ಹಚ್ಚಿ ನೋಡೋಣ. 100 ಓಮ್ ಗೇಟ್ ರೆಸಿಸ್ಟರ್ ಅಂದ್ರಿ. ಡೇಟಾಶೀಟಿನ್ಯಾಗ ಬರೆದಿರೋ ಟೈಮ್ ಎಲ್ಲಾ ಅವರು ಹೇಳಿದ ಸಣ್ಣ ರೆಸಿಸ್ಟರಿಂದು, ನೀವು ಅದಕ್ಕಿಂತ ಭಾಳ ದೊಡ್ಡದು ಹಾಕಿದ್ರ ಆಫ್ ಡಿಲೇನೂ ಬೆಳೀತದ. ನಿಮ್ಮ ಮಾಡ್ಯೂಲಿಗಿ ಬಿಸಿ ಇದ್ದಾಗ ಆಫ್ ಡಿಲೇ 800 ನ್ಯಾನೊಸೆಕೆಂಡ್, ಕರೆಂಟ್ ಬೀಳೋ ಟೈಮ್ 200, ಆನ್ ಡಿಲೇ 100 ಅಂತ ಲೆಕ್ಕಕ್ಕ ಹಿಡಿಯೋಣ, 900 ಬಂತು. ಆಪ್ಟೊ ಡ್ರೈವರಿನ ಡೇಟಾಶೀಟಿನ್ಯಾಗ ಎರಡು ಚಿಪ್ಪಿನ ನಡುವಿನ ಪ್ರೊಪಗೇಶನ್ ಡಿಲೇ (ಸಿಗ್ನಲ್ ಒಳಗ ಹೋಗಿ ಹೊರಗ ಬರೋ ಟೈಮ್) ವ್ಯತ್ಯಾಸ ಅಂತ ಒಂದು ಸಾಲು ಇರ್ತದ, ಭಾಳ ಜನ ಅದನ್ನ ಓದಂಗೇ ಇಲ್ಲ. ಎಚ್‌ಸಿಪಿಎಲ್ 3120 ಅನ್ನೋ ಚಾಲ್ತಿ ಚಿಪ್ಪಿಗಿ ಅದು 350 ನ್ಯಾನೊಸೆಕೆಂಡ್ ತನಕ ಅದ. ಕೂಡಿಸಿದ್ರ 1250, 1.2ರಿಂದ ಗುಣಿಸಿದ್ರ 1500 ನ್ಯಾನೊಸೆಕೆಂಡ್. ಅಂದ್ರ ಒಂದೂವರೆ ಮೈಕ್ರೊಸೆಕೆಂಡ್ ಕನಿಷ್ಠ. ನೀವು ಇಟ್ಟಿದ್ದು 1. ತಂಪಿದ್ದಾಗ, ಖಾಲಿ ಓಡಿಸಿದಾಗ ಒಂದೊಂದ್ಸಲ ನಡೀತದ, ಮಾಡ್ಯೂಲ್ ಬಿಸಿ ಆದ ಕೂಡ್ಲೇ ಬಾಲ ಉದ್ದ ಆಗಿ ಮ್ಯಾಲಿಂದು ಕೆಳಗಿಂದು ಅಡ್ಡ ಬರ್ತಾವ. ಇನ್ನೊಂದು ಮಾತು, ಆಫ್ ಡಿಲೇ ಕರೆಂಟ್ ಕಡಿಮಿ ಇದ್ದಾಗ ಇನ್ನೂ ಜಾಸ್ತಿ ಆಗ್ತದ, 25 ಆಂಪಿಯರ್ ಮಾಡ್ಯೂಲಿನ್ಯಾಗ ಐದು ಆಂಪಿಯರ್ ಓಡಿಸೋ ನಿಮ್ಮಂಥವರು ಡೇಟಾಶೀಟಿನ್ಯಾಗ ಪೂರಾ ಕರೆಂಟಿನ ನಂಬರ್ ನೋಡಿ ಸಮಾಧಾನ ಆಗ್ಬ್ಯಾಡ್ರಿ, ಕರೆಂಟ್-ಟೈಮ್ ಗ್ರಾಫ್ ಇರ್ತದ ಅದನ್ನ ನೋಡ್ರಿ. 25 ಡಿಗ್ರಿ ಕಾಲಮ್ ಬಿಟ್ಟು 125 ಇಲ್ಲಾ 150 ಡಿಗ್ರಿ ಕಾಲಮ್ ಹಿಡೀರಿ. ನಮ್ಮ ಕಡಿ ಬ್ಯಾಸಿಗ್ಯಾಗ ಹೊರಗ 42-43 ಡಿಗ್ರಿ ಇರ್ತದ, ದಾಲ್ ಮಿಲ್ಲಿನ ಪ್ಯಾನೆಲ್ ಒಳಗ ಅದಕ್ಕಿಂತ ಹತ್ತಿಪ್ಪತ್ತು ಡಿಗ್ರಿ ಹೆಚ್ಚು, ಅದರ ಮ್ಯಾಲ ತೊಗರಿ ಹೊಟ್ಟಿನ ಧೂಳು ಫ್ಯಾನ್ ಫಿಲ್ಟರಿಗಿ ಕಂಬಳಿ ಹಾಸಿಬಿಟ್ಟಿರ್ತದ. ಹೀಟ್ ಸಿಂಕ್ 85-90 ಡಿಗ್ರಿ ಮುಟ್ಟೋದು ಇಲ್ಲಿ ದೊಡ್ಡ ಮಾತೇನಲ್ಲ.

ಈಗ ಇನ್ನೊಂದು ಮುಖ್ಯ ಸಂಗತಿ. ನಿಮ್ಮ ಮಾಡ್ಯೂಲ್ ಸುಟ್ಟಿದ್ದು ಬರೇ ಡೆಡ್ ಟೈಮಿನಿಂದ ಅಂತ ನನಗ ಪೂರಾ ನಂಬಿಕಿ ಇಲ್ಲ. 100 ಓಮ್, ಮ್ಯಾಲ ಗೇಟಿಗಿ ನೆಗೆಟಿವ್ ವೋಲ್ಟೇಜ್ ಇಲ್ಲ, ಈ ಎರಡೂ ಕೂಡಿದಾಗ ಮಿಲ್ಲರ್ ಟರ್ನ್ ಆನ್ ಅನ್ನೋ ಪೀಡೆ ಬರ್ತದ. ಏನಾಗ್ತದಂದ್ರ ಡೆಡ್ ಟೈಮ್ ಮುಗೀತು, ಮ್ಯಾಲಿನ ಐಜಿಬಿಟಿ ಆನ್ ಆಯ್ತು, ಕೆಳಗಿಂದು ಆಫ್ ಇದೆ. ಆ ಕ್ಷಣಕ್ಕ ಕೆಳಗಿನದರ ಮ್ಯಾಲ ವೋಲ್ಟೇಜ್ ಸೊನ್ನಿಯಿಂದ 560ಕ್ಕ ಜಿಗೀತದ. ಕಲೆಕ್ಟರ್-ಗೇಟ್ ನಡುವ ಒಂದು ಸಣ್ಣ ಕೆಪಾಸಿಟೆನ್ಸ್ ಇರ್ತದ, 50 ಪಿಕೊಫ್ಯಾರಡ್ ಅಂತ ಹಿಡೀರಿ, ವೋಲ್ಟೇಜ್ ಒಂದು ನ್ಯಾನೊಸೆಕೆಂಡಿಗಿ 3 ವೋಲ್ಟ್ ಏರ್ಲಿಕತ್ತದಂದ್ರ ಅದರ ಮೂಲಕ 0.15 ಆಂಪಿಯರ್ ಗೇಟಿಗಿ ನುಗ್ಗತದ. ಆ ಕರೆಂಟ್ ನಿಮ್ಮ 100 ಓಮ್ ದಾಟಿ ಹೋಗ್ಬೇಕು, ಲೆಕ್ಕಕ್ಕ 15 ವೋಲ್ಟ್ ಆಯ್ತು. ಗೇಟ್-ಎಮಿಟರ್ ಕೆಪಾಸಿಟೆನ್ಸ್ ಅದರಾಗ ಭಾಳಷ್ಟು ನುಂಗ್ತದ ಅನ್ರಿ, ಆದ್ರೂ ಐಜಿಬಿಟಿ ಆನ್ ಆಗ್ಲಿಕ್ಕ 5-6 ವೋಲ್ಟ್ ಸಾಕು, ಬಿಸಿ ಇದ್ದಾಗ ಅದೂ ಇಳೀತದ. 15 ಓಮ್ ಇದ್ದಿದ್ರ ಅದೇ ಕರೆಂಟಿಗಿ ಎರಡೂಕಾಲು ವೋಲ್ಟ್ ಮಾತ್ರ. ಇದು ಡೆಡ್ ಟೈಮ್ ಮುಗಿದ ಮ್ಯಾಲ ಆಗೋದು, ಹಂಗಾಗಿ ನೀವು ಡೆಡ್ ಟೈಮ್ 10 ಇಟ್ರೂ ಇದು ತಪ್ಪಂಗಿಲ್ಲ. ನಿಮಗ 4ಕ್ಕ ಸುಡೋದು ನಿಂತದ ಅಂದ್ರ ಮುಖ್ಯ ಕಾರಣ ಡೆಡ್ ಟೈಮೇ ಇರ್ಬಹುದು, ಆದ್ರ ಮಿಲ್ಲರ್ ಕಾಟ ಮೆಲ್ಲಕ ಒಳಗೊಳಗೇ ಮಾಡ್ಯೂಲನ್ನ ಬಿಸಿ ಮಾಡ್ತಿರ್ತದ.

ಇದಕ್ಕ ಪರಿಹಾರ ಏನು ದೊಡ್ಡದಲ್ಲ. ಆನ್ ಆಗ್ಲಿಕ್ಕ ಒಂದು ರೆಸಿಸ್ಟರ್, ಆಫ್ ಆಗ್ಲಿಕ್ಕ ಇನ್ನೊಂದು, ಆಫ್ ರೆಸಿಸ್ಟರಿಗಿ ಫಾಸ್ಟ್ ಡಯೋಡ್ ಹಾಕಿ ಬ್ಯಾರೆ ಮಾಡ್ರಿ. ಆನ್ ಕಡಿ 33-47 ಓಮ್ ಇರ್ಲಿ, ಆಫ್ ಕಡಿ 10-15 ಸಾಕು. ಡೇಟಾಶೀಟ್ ಹೇಳಿದ್ದಕ್ಕಿಂತ ಕೆಳಗ ಮಾತ್ರ ಇಳೀಬ್ಯಾಡ್ರಿ. ಗೇಟ್ ಸಪ್ಲೈ ಪ್ಲಸ್ 15 ಮೈನಸ್ 8 ಮಾಡಿದ್ರ ಇನ್ನೂ ಛಲೋ. ಗೇಟ್ ಮತ್ತು ಎಮಿಟರ್ ವೈರ್ ಎರಡೂ ಕೂಡಿಸಿ ಹೆಣೆದು ಗಿಡ್ಡ ಇಡ್ರಿ, ಗೇಟ್-ಎಮಿಟರ್ ನಡುವ ಒಂದು 10 ಕಿಲೊ ಓಮ್ ಹಚ್ರಿ. ಆಫ್ ರೆಸಿಸ್ಟರ್ ಕಡಿಮಿ ಆದ್ರ ಆಫ್ ಡಿಲೇನೂ ಕಡಿಮಿ ಆಗ್ತದ, ಅಂದ್ರ ಡೆಡ್ ಟೈಮೂ ಇಳಿಸಲಿಕ್ಕ ಬರ್ತದ. ಒಂದೇ ರೆಸಿಸ್ಟರ್ ಬದಲಿಸಿದ್ರ ಎರಡೂ ಕಡಿ ಲಾಭ, ಮಾಡ್ಯೂಲಿನ ರೇಟಿಗಿ ಹೋಲಿಸಿದ್ರ ರೆಸಿಸ್ಟರ್ ಡಯೋಡಿನ ಖರ್ಚು ಏನೂ ಅಲ್ಲ.

ಇನ್ನ ಎಸ್‌ಟಿಎಂ32 ಕಥಿ. ಇಲ್ಲಿ ಒಂದು ಗುಂಡಿ ಅದ, ಓದಿದವರೂ ಬೀಳ್ತಾರ. 72 ಮೆಗಾಹರ್ಟ್ಜಿನ್ಯಾಗ ಒಂದು ಟಿಕ್ ಅಂದ್ರ 13.9 ನ್ಯಾನೊಸೆಕೆಂಡ್. ಟೈಮರ್ 1ರ ಬಿಡಿಟಿಆರ್ ರಿಜಿಸ್ಟರಿನ್ಯಾಗ ಡೆಡ್ ಟೈಮಿಗಿ ಎಂಟು ಬಿಟ್ ಕೊಟ್ಟಾರ. 127 ತನಕ ಸೀದಾ ಲೆಕ್ಕ, 72 ಬರೆದ್ರ 1 ಮೈಕ್ರೊಸೆಕೆಂಡ್. 128 ದಾಟಿದ ಕೂಡ್ಲೇ ಲೆಕ್ಕ ಬದಲಾಗ್ತದ, ಕೆಳಗಿನ ಆರು ಬಿಟ್ಟಿಗಿ 64 ಕೂಡಿಸಿ ಎರಡರಿಂದ ಗುಣಿಸ್ತದ. 2 ಮೈಕ್ರೊಸೆಕೆಂಡ್ ಅಂದ್ರ 144 ಟಿಕ್ ಅಂತ ನೀವು 144 ಬರೆದ್ರ 160 ಟಿಕ್ ಆಗಿ 2.2 ಬರ್ತದ, ಬರೋಬ್ಬರಿ 2 ಬೇಕಂದ್ರ 136 ಬರೀಬೇಕು. ಇದರಾಗ ಏನೂ ಸುಡಂಗಿಲ್ಲ, ಸುಮ್ನ ಸ್ವಲ್ಪ ಹೆಚ್ಚು. ಆದ್ರ ಇನ್ನೂ ಮ್ಯಾಲ ಹೋದ್ರ ಗುಣಿಸೋದು 8 ಆಗ್ತದ, ಆಮ್ಯಾಲ 16. ಮೂರೂವರೆ ಆಗ್ಲಿ ಅಂತ ಯಾರೋ 250 ಬರೆದ್ರ ಹತ್ತತ್ರ 13 ಮೈಕ್ರೊಸೆಕೆಂಡ್ ಬಂದು ಕೂಡ್ತದ. ಎಲ್ಲಕ್ಕಿಂತ ಕೆಟ್ಟದ್ದು 4 ಮೈಕ್ರೊಸೆಕೆಂಡಿಗಿ 288 ಟಿಕ್ ಅಂತ ರಿಜಿಸ್ಟರಿಗಿ 288 ತುರುಕೋದು. ಎಂಟು ಬಿಟ್ಟಿನ್ಯಾಗ 255ಕ್ಕಿಂತ ಹೆಚ್ಚು ಹಿಡಿಯಂಗಿಲ್ಲ, ಹೆಚ್ಚಾದ ಒಂದು ಬಿಟ್ ಬಾಜುಕಿನ ಲಾಕ್ ಬಿಟ್ಟಿನ ಮ್ಯಾಲ ಹೋಗಿ ಕೂಡ್ತದ, ಡೆಡ್ ಟೈಮಿಗಿ ಉಳಿಯೋದು 32 ಟಿಕ್, ಅಂದ್ರ 0.44 ಮೈಕ್ರೊಸೆಕೆಂಡ್! ಮತ್ತ ಲಾಕ್ ಬಿದ್ದದ್ದಕ್ಕ ರೀಸೆಟ್ ಆಗೋತನ ಅದನ್ನ ತಿದ್ಲಿಕ್ಕೂ ಬರಂಗಿಲ್ಲ. ನಾಲ್ಕಕ್ಕ ಸರಿಯಾದ ನಂಬರ್ 196. ನಿಮ್ದು ಸುಡೋದು ನಿಂತದ ಅಂದ್ರ ನೀವು 196 ಬರೆದಿರ್ಬೇಕು, ಆದ್ರೂ ಸ್ಕೋಪಿನ್ಯಾಗ ನೋಡಿ ಖಾತ್ರಿ ಮಾಡ್ಕೊಳ್ರಿ.

ಪೊಲಾರಿಟಿ ಅಂತ ಒಂದದ. ಚಿಪ್ ತನ್ನ ಲೆಕ್ಕದಾಗ ಡೆಡ್ ಟೈಮಿನ್ಯಾಗ ಎರಡೂ ಪಿನ್ ಲೋ ಇಡ್ತದ. ಆಪ್ಟೊದ ಎಲ್‌ಇಡಿಯನ್ನ ನೀವು ಪ್ಲಸ್ ಸಪ್ಲೈಯಿಂದ ತಗೊಂಡು ಪಿನ್ ಲೋ ಆದಾಗ ಹತ್ತೋ ಹಂಗ ವೈರ್ ಮಾಡಿದ್ರ, ಎರಡೂ ಲೋ ಅಂದ್ರ ಎರಡೂ ಆನ್. ಡೆಡ್ ಟೈಮ್ ಜಾಸ್ತಿ ಮಾಡಿದಷ್ಟೂ ಢಂ ಜೋರಾಗ್ತದ. ಹಂಗಿದ್ರ ರಿಜಿಸ್ಟರಿನ್ಯಾಗ ಪೊಲಾರಿಟಿ ಬಿಟ್ ಉಲ್ಟಾ ಮಾಡ್ಬೇಕು, ಇನ್ನೂ ಛಲೋ ಅಂದ್ರ ಪಿನ್ ಹೈ ಆದಾಗಷ್ಟೇ ಹತ್ತೋ ಹಂಗ ವೈರಿಂಗ್ ಮಾಡಿ ಪಿನ್ನಿಗಿ ಪುಲ್ ಡೌನ್ ಹಚ್ಚೋದು, ಯಾಕಂದ್ರ ಪವರ್ ಬಂದ ಮೊದಲ ಕೆಲ ಮಿಲಿಸೆಕೆಂಡ್ ಪಿನ್ ಯಾರ ಮಾತೂ ಕೇಳಂಗಿಲ್ಲ. ಮತ್ತ ಕೆಲವು ಡ್ರೈವರ್ ಚಿಪ್ಪಿಗಿ ತಮ್ದೇ ಡೆಡ್ ಟೈಮ್ ಇರ್ತದ, ಐಆರ್2130ಕ್ಕ 2.5 ಮೈಕ್ರೊಸೆಕೆಂಡ್ ಅದ, ಐಆರ್2110ಕ್ಕ ಏನೂ ಇಲ್ಲ. ಮುಂದ ಎಂದಾದ್ರೂ ಚಿಪ್ ಬದಲಿಸಿದ್ರ ಇದು ತಲ್ಯಾಗಿರ್ಲಿ.

ಸುಡೋ ಮಾತು ಸಾಕು, ಗುರ್ರ್ ಅನ್ನೋದಕ್ಕ ಬರೋಣ. ಇಲ್ಲಿ ಒಂದು ಲೆಕ್ಕ ಮಾಡಿ ತೋರಿಸ್ತೀನಿ, ಪೆನ್ನು ಹಿಡ್ಕೊಂಡು ನೀವೂ ಮಾಡ್ರಿ. 415 ವೋಲ್ಟ್ ರೆಕ್ಟಿಫೈ ಮಾಡಿದ್ರ ಬಸ್ 560ರ ಸುತ್ತ. ಪ್ರತಿ ಪಿಡಬ್ಲ್ಯೂಎಂ ಸೈಕಲ್ಲಿಗಿ 4 ಮೈಕ್ರೊಸೆಕೆಂಡ್ ಕಳೀತದ, ಸೆಕೆಂಡಿಗಿ 10,000 ಸೈಕಲ್. 4 ಮೈಕ್ರೊಸೆಕೆಂಡ್ ಗುಣಿಲೆ 10,000 ಗುಣಿಲೆ 560, ಬಂತು 22.4 ವೋಲ್ಟ್. ಒಂದು ಫೇಸಿನ ಲೆಗ್ಗಿನ್ಯಾಗ ಸರಾಸರಿ ಇಷ್ಟು ವೋಲ್ಟೇಜ್ ತಪ್ಪಾಗ್ತದ. ಈ ತಪ್ಪು ಕರೆಂಟಿನ ದಿಕ್ಕಿನ ಜೋಡಿ ತಿರಗ್ತದ, ಕರೆಂಟ್ ಹೊರಗ ಹೋಗ್ತಿದ್ರ 22 ವೋಲ್ಟ್ ಕಮ್ಮಿ, ಒಳಗ ಬರ್ತಿದ್ರ 22 ವೋಲ್ಟ್ ಜಾಸ್ತಿ. ಅಂದ್ರ ಯಾವಾಗ್ಲೂ ಕರೆಂಟಿಗಿ ಎದುರು ನಿಂತ ಒಂದು ಚೌಕಾಕಾರದ ವೇವ್. ಚೌಕ ವೇವಿನ ಮೂಲ ಸೈನ್ ತಗೀಬೇಕಂದ್ರ 1.27ರಿಂದ ಗುಣಿಸ್ಬೇಕು, 28.5 ವೋಲ್ಟ್ ಪೀಕ್. ಈಗ 5 ಹರ್ಟ್ಜಿಗಿ ನಿಮ್ಮ ವಿ ಬೈ ಎಫ್ (ಫ್ರೀಕ್ವೆನ್ಸಿಗಿ ತಕ್ಕಂಗ ವೋಲ್ಟೇಜ್ ಕೊಡೋ) ಲೆಕ್ಕದಂಗ ಫೇಸಿಗಿ ಎಷ್ಟು ಕೊಡ್ಲಿಕತ್ತೀರಿ? 50 ಹರ್ಟ್ಜಿಗಿ 240, ಹತ್ತನೇ ಒಂದು ಪಾಲು 24, ಪೀಕ್ 34 ವೋಲ್ಟ್. ಕೊಡೋದು 34, ನಡುವ ತಪ್ಪೋದು 28. ಎರಡೂ ಒಂದೇ ಹೊತ್ತಿಗಿ ಪೀಕ್ ಮುಟ್ಟಂಗಿಲ್ಲ, ಹಂಗಾಗಿ ಸೀದಾ ಕಳೆದು 6 ಉಳೀತು ಅನ್ನಲಿಕ್ಕ ಬರಂಗಿಲ್ಲ, ಆದ್ರೂ ಮೋಟರಿಗಿ ಏನು ಹೊಟ್ಟಿ ತುಂಬ್ತದ ಅಂತ ನೀವೇ ನೋಡ್ರಿ. ಅದೇ 50 ಹರ್ಟ್ಜಿನ್ಯಾಗ ಪೀಕ್ 339 ಇರ್ತದ, ಅದರಾಗ 28 ಅಂದ್ರ ನೂರಕ್ಕ ಎಂಟು, ಮೋಟರಿಗಿ ಗೊತ್ತಾಗೋದೇ ಇಲ್ಲ. 40-50ರಾಗ ಮಸ್ತ್ ಓಡ್ತದ ಅಂದ್ರಲ್ಲ, ಇದೇ ಕಾರಣ.

ಡೆಡ್ ಟೈಮಿನ್ಯಾಗ ಕರೆಂಟ್ ಯಾಕ ದಿಕ್ಕು ನೋಡ್ತದ ಅಂದ್ರ, ಆ ಹೊತ್ತಿನ್ಯಾಗ ಎರಡೂ ಐಜಿಬಿಟಿ ಆಫ್, ಆದ್ರ ಮೋಟರಿನ ವೈಂಡಿಂಗ್ ಇಂಡಕ್ಟರ್, ಅದು ಕರೆಂಟ್ ನಿಲ್ಲಿಸ್ಲಿಕ್ಕ ಬಿಡಂಗಿಲ್ಲ, ಯಾವುದೋ ಡಯೋಡ್ ಹುಡುಕ್ತದ. ಹೊರಗ ಹೋಗೋ ಕರೆಂಟ್ ಕೆಳಗಿನ ಡಯೋಡ್ ಹಿಡೀತದ, ಫೇಸ್ ಬಸ್ಸಿನ ಮೈನಸ್ಸಿಗಿ ಬೀಳ್ತದ. ಒಳಗ ಬರೋ ಕರೆಂಟ್ ಮ್ಯಾಲಿನ ಡಯೋಡ್ ಹಿಡೀತದ, ಫೇಸ್ ಪ್ಲಸ್ಸಿಗಿ ಏರ್ತದ. ನಿಮ್ಮ ಕೋಡ್ ಏನ್ ಹೇಳಿತ್ತು ಅನ್ನೋದಕ್ಕ ಆ ಹೊತ್ತಿನ್ಯಾಗ ಕಿಮ್ಮತ್ತಿಲ್ಲ. ಕರೆಂಟ್ ಸೊನ್ನಿ ಹತ್ರ ಬಂದಾಗ ಇನ್ನೊಂದು ತಮಾಷಿ, ಯಾವ ಡಯೋಡೂ ಪೂರಾ ಹಿಡಿಯಂಗಿಲ್ಲ, ಕರೆಂಟ್ ಸೊನ್ನಿಗಿ ಅಂಟಿಕೊಂಡು ಕೂಡ್ತದ. ಕ್ಲ್ಯಾಂಪ್ ಮೀಟರಿನ್ಯಾಗ ಇದು ಕಾಣಂಗಿಲ್ಲ, ಕರೆಂಟ್ ಪ್ರೋಬ್ ಹಚ್ಚಿ ನೋಡಿದ್ರ ಸೈನ್ ವೇವಿನ ನಡು ಸೊಂಟದಾಗ ಚಪ್ಪಟಿ ಮೆಟ್ಟಲು ಕಾಣ್ತದ. ಈ ಆಕಾರದಾಗ 5ನೇ ಮತ್ತು 7ನೇ ಹಾರ್ಮೋನಿಕ್ (ಮೂಲ ಫ್ರೀಕ್ವೆನ್ಸಿಯ 5 ಪಟ್ಟು, 7 ಪಟ್ಟಿನ ವೇವ್) ಇರ್ತಾವ, ಅವೆರಡೂ ಸೇರಿ ಟಾರ್ಕಿನ್ಯಾಗ 6 ಪಟ್ಟು ಫ್ರೀಕ್ವೆನ್ಸಿಯ ಅಲುಗಾಟ ಹುಟ್ಟಿಸ್ತಾವ. 5 ಹರ್ಟ್ಜಿನ್ಯಾಗ ಓಡಿಸಿದ್ರ 30 ಹರ್ಟ್ಜಿನ ನಡುಕ. ನೀವು ಕೇಳ್ಲಿಕತ್ತಿರೋ ಗುರ್ರ್ ಅದೇ. ಫ್ರೀಕ್ವೆನ್ಸಿ 5ರಿಂದ 6ಕ್ಕ ಮಾಡಿದ್ರ ಗುರ್ರ್ ಸ್ವರ ಏರಬೇಕು, ಏರಿದ್ರ ಇದೇ ರೋಗ ಅಂತ ತಿಳ್ಕೊಳ್ರಿ. ಏರಲಿಲ್ಲಂದ್ರ ಬೇರಿಂಗ್ ಇಲ್ಲಾ ಫೌಂಡೇಶನ್ ಬೋಲ್ಟ್ ನೋಡ್ರಿ, ಎಲ್ಲಾ ತಪ್ಪು ಇಲೆಕ್ಟ್ರಾನಿಕ್ಸಿನ ಮ್ಯಾಲ ಹೊರಸೋದು ಬ್ಯಾಡ.

ನೀವು ಬೂಸ್ಟ್ ಏರಿಸಿದ್ರಿ, ಮೋಟರ್ ಬಿಸಿ ಆಯ್ತು. ಬೂಸ್ಟ್ ಅಂದ್ರ ಸೈನ್ ವೇವನ್ನ ದೊಡ್ಡದು ಮಾಡೋದು, ಕಳೆದಿದ್ದು ಚೌಕ ವೇವ್. ಚಪ್ಪಟಿ ಸೊಂಟ ಹಂಗೇ ಉಳೀತದ, ಪೀಕ್ ಕರೆಂಟ್ ಮಾತ್ರ ಏರಿ ಕೋರ್ ಸ್ಯಾಚುರೇಟ್ ಆಗ್ತದ, ಅದೂ ಫೀಡರ್ ಖಾಲಿ ಇದ್ದಾಗ ಇನ್ನೂ ಹೆಚ್ಚು. ಮ್ಯಾಲ ನಮ್ಮ ಕಡಿ ಲೈನ್ ವೋಲ್ಟೇಜ್ ನೆಟ್ಟಗ ಇರ್ತದ ಏನು? ಸುಗ್ಗ್ಯಾಗ ಎಲ್ಲಾ ಮಿಲ್ಲು ಒಮ್ಮಿಗೇ ಹೊಡೀಲಿಕತ್ತಾಗ 415 ಇದ್ದಿದ್ದು 360ಕ್ಕ ಇಳೀತದ, ಬಸ್ 560ರಿಂದ 485ಕ್ಕ ಬರ್ತದ, ಡೆಡ್ ಟೈಮಿನಿಂದ ಕಳೆಯೋ ವೋಲ್ಟೂ ಬದಲಾಗ್ತದ. ರಾತ್ರಿ ಸೆಟ್ ಮಾಡಿದ ಬೂಸ್ಟ್ ಹಗಲಿಗಿ ಹೊಂದಂಗಿಲ್ಲ. ಆದ್ರ ಕಳೆದ ಟೈಮ್ ಮಾತ್ರ ಬಸ್ ಎಷ್ಟೇ ಇರ್ಲಿ ಹೆಚ್ಚೂ ಕಮ್ಮಿ ಅಷ್ಟೇ ಇರ್ತದ. ಹಂಗಾಗಿ ಟೈಮ್ ಕಳೆದಿದ್ದನ್ನ ಟೈಮಿನ್ಯಾಗೇ ವಾಪಸ್ ಕೊಡ್ಬೇಕು, ವೋಲ್ಟಿನ್ಯಾಗ ಅಲ್ಲ.

ಹ್ಯಾಂಗ ಕೊಡೋದಂದ್ರ, ಪ್ರತಿ ಫೇಸಿನ ಕರೆಂಟ್ ಹೊರಗ ಹೋಗ್ಲಿಕತ್ತಿದ್ರ ಆ ಫೇಸಿನ ಡ್ಯೂಟಿಗಿ (ಸೈಕಲ್ಲಿನ್ಯಾಗ ಮ್ಯಾಲಿನ ಐಜಿಬಿಟಿ ಆನ್ ಇರೋ ಪಾಲಿಗಿ) ಸ್ವಲ್ಪ ಕೂಡಿಸ್ರಿ, ಒಳಗ ಬರ್ಲಿಕತ್ತಿದ್ರ ಅಷ್ಟೇ ಕಳೀರಿ. ಎಷ್ಟು? ಡೆಡ್ ಟೈಮ್ 2 ಮೈಕ್ರೊಸೆಕೆಂಡಿಗಿ ಇಳಿಸಿದ್ರಿ ಅಂತ ಹಿಡಿಯೋಣ, 144 ಟಿಕ್. ಆದ್ರ ಡಿವೈಸ್ ಆಫ್ ಆಗೋದು ಆನ್ ಆಗೋದಕ್ಕಿಂತ ತಡ ಇರೋದ್ರಿಂದ ಪಲ್ಸ್ ತಾನೇ ಸ್ವಲ್ಪ ಉದ್ದ ಆಗ್ತದ, ಆ ವ್ಯತ್ಯಾಸ 0.5 ಇದ್ರ ಖರೇ ಕಳೆಯೋದು 1.5 ಮೈಕ್ರೊಸೆಕೆಂಡ್, 108 ಟಿಕ್. ಇಲ್ಲಿ ಭಾಳ ಮಂದಿ ತಪ್ಪ್ತಾರ: ಸೆಂಟರ್ ಅಲೈನ್ಡ್ ಪಿಡಬ್ಲ್ಯೂಎಂ (ಟೈಮರ್ ಏರಿ ಮತ್ತ ಇಳಿಯೋ ಪದ್ಧತಿ) ಇದ್ರ ಕಂಪೇರ್ ರಿಜಿಸ್ಟರಿನ ಒಂದು ಕೌಂಟ್ ಏರುವಾಗೊಮ್ಮಿ ಇಳಿಯುವಾಗೊಮ್ಮಿ ಎರಡು ಸಲ ಲೆಕ್ಕಕ್ಕ ಬರ್ತದ. ಹಂಗಾಗಿ 108 ಅಲ್ಲ, ಅರ್ಧ, 54 ಕೂಡಿಸ್ಬೇಕು. 10 ಕಿಲೋಹರ್ಟ್ಜಿಗಿ ನಿಮ್ಮ ಪೂರಾ ಎಣಿಕಿ 3600 ಇರ್ತದ, ಅದರಾಗ 54 ಅಂದ್ರ ಒಂದೂವರೆ ಪರ್ಸೆಂಟ್. 108 ಕೂಡಿಸಿದ್ರ ಡಬಲ್ ಆಗಿ ಸೊನ್ನಿ ದಾಟುವಾಗ ಕರೆಂಟ್ ಚಪ್ಪಟಿ ಆಗೋ ಬದಲಿಗಿ ಧಡಕ್ಕನ ಜಿಗೀತದ, ಖಾಲಿ ಮೋಟರ್ ಇದ್ದಲ್ಲೇ ಹೊಯ್ದಾಡ್ತದ. ಮೊದಲ ದಿನ 25 ಹಾಕಿ ಸುರು ಮಾಡ್ರಿ, ಸ್ಕೋಪ್ ನೋಡ್ಕೋತ ಮೆಲ್ಲಕ ಏರಿಸ್ರಿ. ಪೂರಾ 100 ಪರ್ಸೆಂಟ್ ಕಾಂಪೆನ್ಸೇಶನ್ ಮಾಡೋ ಆಸಿ ಬ್ಯಾಡ, 85-90ಕ್ಕ ನಿಂತುಬಿಡ್ರಿ, ಹೆಚ್ಚಾಗಿದ್ದು ಕಡಿಮಿ ಆಗಿದ್ದಕ್ಕಿಂತ ಕೆಟ್ಟದ್ದು ಅನ್ನೋದು ನನ್ನ ಅಭಿಪ್ರಾಯ.

ಈ ವಿದ್ಯೆದಾಗ ಸೂಕ್ಷ್ಮ ಇರೋದು ದಿಕ್ಕು ಗುರುತಿಸೋದ್ರಾಗ. ಕರೆಂಟ್ ದೊಡ್ಡದಿದ್ದಾಗ ದಿಕ್ಕು ಯಾರಿಗೂ ಗೊತ್ತಾಗ್ತದ, ಸೊನ್ನಿ ಹತ್ರ ಸೆನ್ಸರಿನ ಗದ್ದಲದಾಗ ಪ್ಲಸ್ಸೋ ಮೈನಸ್ಸೋ ತಿಳಿಯಂಗಿಲ್ಲ. ಆಗ ಕೋಡ್ ಪ್ಲಸ್ 54, ಮೈನಸ್ 54 ಅಂತ ಕುಣೀತದ, ಅದು ಕಾಂಪೆನ್ಸೇಶನ್ ಇಲ್ಲದ್ದಕ್ಕಿಂತ ಹೊಲಸು. ಅದಕ್ಕ ಸೊನ್ನಿಯ ಆಚಿಗೀಚಿಗಿ 0.3 ಆಂಪಿಯರಿನ ಒಂದು ಪಟ್ಟಿ ಇಡ್ರಿ, ಅದರೊಳಗ ಕರೆಂಟಿಗಿ ತಕ್ಕಂಗ ಸ್ವಲ್ಪ ಸ್ವಲ್ಪ ಏರೋ ಇಳಿಜಾರು, ಹೊರಗ ಪೂರಾ 54. ಇದಕ್ಕ ಬರೇ ಗದ್ದಲದ ಕಾರಣ ಅಷ್ಟೇ ಅಲ್ಲ, ಕರೆಂಟ್ ಸಣ್ಣದಿದ್ದಾಗ ಡಿವೈಸಿನ ಔಟ್‌ಪುಟ್ ಕೆಪಾಸಿಟೆನ್ಸ್ ಚಾರ್ಜ್ ಆಗ್ಲಿಕ್ಕೇ ಅರ್ಧ ಡೆಡ್ ಟೈಮ್ ಹೋಗ್ತದ, ಫೇಸ್ ವೋಲ್ಟೇಜ್ ಲಗೂನ ಬೀಳದೇ ಮೆಲ್ಲಕ ಇಳೀತದ, ಹಂಗಾಗಿ ಕಳೆಯೋ ವೋಲ್ಟೂ ತಾನೇ ಕಡಿಮಿ ಇರ್ತದ. ಇಳಿಜಾರು ಇಟ್ರ ಖರೇ ಫಿಜಿಕ್ಸಿಗೂ ಹತ್ರ ಬರ್ತದ. ನೀವು ವೆಕ್ಟರ್ ಕಂಟ್ರೋಲ್ (ಮೋಟರಿನ ಕರೆಂಟನ್ನೇ ಹಿಡಿದು ನಡೆಸೋ ಪದ್ಧತಿ) ಮಾಡಿದ್ರ ಅಳೆದ ಕರೆಂಟ್ ಬಿಟ್ಟು ರೆಫರೆನ್ಸ್ ಕರೆಂಟಿನಿಂದ ದಿಕ್ಕು ತಗೊಳ್ರಿ, ಅದರಾಗ ಗದ್ದಲ ಇರಂಗಿಲ್ಲ.

ಕರೆಂಟ್ ಯಾವಾಗ ಅಳೀತೀರಿ ಅನ್ನೋದೂ ಟೈಮಿಂಗೇ. ಲೂಪಿನ್ಯಾಗ ಮನಸ್ಸಿಗಿ ಬಂದಾಗ ಎಡಿಸಿ (ಸೆನ್ಸರಿನ ವೋಲ್ಟೇಜನ್ನ ನಂಬರ್ ಮಾಡೋ ಭಾಗ) ಓದಿದ್ರ ಒಂದ್ಸಲ ಸ್ವಿಚಿಂಗ್ ಎಡ್ಜಿನ ಮ್ಯಾಲ ಬೀಳ್ತದ, ಮುಳ್ಳಿನಂಥ ಸ್ಪೈಕ್ ಓದಿಕೊಂಡು ದಿಕ್ಕು ತಪ್ತದ. ಟೈಮರ್ ಏರಿ ತುದಿ ಮುಟ್ಟೋ ಜಾಗ ಇಲ್ಲಾ ತಳ ಮುಟ್ಟೋ ಜಾಗ ಹಿಡಿದು, ಟೈಮರಿನಿಂದಲೇ ಎಡಿಸಿಗಿ ಟ್ರಿಗರ್ ಕೊಡ್ರಿ, ಅಲ್ಲಿ ರಿಪಲ್ಲಿನ ಸರಾಸರಿ ಸಿಗ್ತದ, ಎಡ್ಜಿನಿಂದಲೂ ದೂರ ಇರ್ತದ.

ಇದೆಲ್ಲಾ ಕೋಡ್ ಬರೀಲಿಕ್ಕ ಟೈಮ್ ಹಿಡೀತದ, ಮಿಲ್ಲಿನ ಸಾವ್ಕಾರ್ರು ನಾಳೇನೇ ಬೇಕು ಅಂತಿದ್ರ ಒಂದು ಸುಲಭ ಉಪಾಯ ಅದ, ಪಿಡಬ್ಲ್ಯೂಎಂ 10ರಿಂದ 4 ಕಿಲೋಹರ್ಟ್ಜಿಗಿ ಇಳಿಸ್ರಿ. ಡೆಡ್ ಟೈಮ್ 2, ಫ್ರೀಕ್ವೆನ್ಸಿ 4 ಸಾವಿರ, 560 ವೋಲ್ಟ್, ಕಳೆಯೋದು 4.5 ವೋಲ್ಟ್ ಅಷ್ಟೇ. 22 ಎಲ್ಲಿ, ನಾಲ್ಕೂವರೆ ಎಲ್ಲಿ. ಮಾಡ್ಯೂಲೂ ತಂಪಿರ್ತದ. ಮೋಟರ್ ಸ್ವಲ್ಪ ಕುಯ್ಯ್ ಅಂತದ, ಆದ್ರ ದಾಲ್ ಮಿಲ್ಲಿನ್ಯಾಗ ಎಮರಿ ರೋಲು, ಜರಡಿ, ಎಲಿವೇಟರ್ ಗದ್ದಲದ ನಡುವ ಅದು ಯಾರಿಗಿ ಕೇಳ್ತದ. ದವಾಖಾನಿ ಎಸಿಗಿ, ಆಫೀಸ್ ಬ್ಲೋವರಿಗಿ ಬೇಕು 12-16 ಕಿಲೋಹರ್ಟ್ಜ್, ನಿಮಗ್ಯಾಕ?

ಟೆಸ್ಟ್ ಮಾಡೋ ಪದ್ಧತಿ ಹೇಳಿ ಮುಗಿಸ್ತೀನಿ. ಮೊದ್ಲು ಮೇನ್ ಬಸ್ ಮುಟ್ಟಬ್ಯಾಡ್ರಿ, ಐಸೊಲೇಟೆಡ್ ಬೆಂಚ್ ಸಪ್ಲೈಯಿಂದ 30 ವೋಲ್ಟ್ ಕೊಟ್ಟು ಗೇಟ್ ವೇವ್ ನೋಡ್ರಿ. ಸ್ಕೋಪಿನ ಎರಡು ಪ್ರೋಬಿನ ಕ್ರೊಕೊಡೈಲ್ ಕ್ಲಿಪ್ ಒಳಗ ಒಂದೇ ಗ್ರೌಂಡಿಗಿ ಕೂಡಿರ್ತಾವ, ಒಂದನ್ನ ಕೆಳಗಿನ ಎಮಿಟರಿಗಿ ಇನ್ನೊಂದನ್ನ ಮ್ಯಾಲಿನ ಎಮಿಟರಿಗಿ ಹಚ್ಚಿದ್ರ ಸ್ಕೋಪೇ ಶಾರ್ಟ್ ಮಾಡ್ತದ. ಮ್ಯಾಲಿನದಕ್ಕ ಡಿಫರೆನ್ಶಿಯಲ್ ಪ್ರೋಬ್ ಬೇಕು, ಸ್ವಂತ ಇಲ್ಲಂದ್ರ ಹತ್ತಿರದ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನ್ಯಾಗ ಕೇಳಿ ನೋಡ್ರಿ. ಸ್ಕೋಪಿನ ಅರ್ಥಿಂಗ್ ಪಿನ್ ಮುರಿದು ಕೆಲಸ ಮಾಡೋ ಚಾಳಿ ಕೆಲವರಿಗದ, 560 ವೋಲ್ಟಿನ್ಯಾಗ ಅದು ಜೀವಕ್ಕ ಕುತ್ತು, ಮಾಡ್ಬ್ಯಾಡ್ರಿ. ಡೆಡ್ ಟೈಮ್ ಅಳೆಯೋದು ಚಿಪ್ಪಿನ ಪಿನ್ನಿನ್ಯಾಗ ಅಲ್ಲ, ಐಜಿಬಿಟಿ ಗೇಟಿನ್ಯಾಗ: ಆಫ್ ಆಗೋ ಗೇಟ್ 5 ವೋಲ್ಟಿನ ಕೆಳಗ ಬಂದಲ್ಲಿಂದ ಇನ್ನೊಂದು ಗೇಟ್ 5 ವೋಲ್ಟ್ ದಾಟೋತನ ಎಷ್ಟದ ಅಂತ. ಆರೂ ಗೇಟ್ ನೋಡ್ರಿ, ಮೂರೂ ಫೇಸ್ ಒಂದೇ ಥರ ಇರಂಗಿಲ್ಲ. ಆಮ್ಯಾಲ ಹೀಟ್ ಸಿಂಕಿಗಿ ಹೀಟ್ ಗನ್ ಹಿಡಿದು 80 ಡಿಗ್ರಿ ಮಾಡಿ ಮತ್ತೊಮ್ಮಿ ನೋಡ್ರಿ.

ಅದು ಸರಿ ಬಂತಂದ್ರ ಮೇನ್ ಬಸ್ಸಿಗಿ ಹೋಗ್ರಿ, ಆದ್ರ ಬಸ್ ಕೆಪಾಸಿಟರ್ ಮತ್ತು ಮಾಡ್ಯೂಲಿನ ನಡುವ ಮೂರು 100 ವ್ಯಾಟಿನ ಹಳೇ ಬಲ್ಬ್ ಸೀರೀಸಿನ್ಯಾಗ ಹಾಕಿ, ಮಾಡ್ಯೂಲಿನ ಕಾಲಿಗಿ ಒಂದು ಸಣ್ಣ ಫಿಲ್ಮ್ ಕೆಪಾಸಿಟರ್ ಹಚ್ಚಿ, ಮೋಟರ್ ಇಲ್ಲದೇ ಸ್ವಿಚ್ ಮಾಡ್ರಿ. ಬಲ್ಬ್ ಕರ್ರಗ ಇದ್ರ ಛಲೋ. ಮಿಣಮಿಣ ಅಂತ ಕೆಂಪಗಾದ್ರ ಎಲ್ಲೋ ಅಡ್ಡ ಹರೀಲಿಕತ್ತದ. ಆಗ ಡೆಡ್ ಟೈಮ್ 2ರಿಂದ 4ಕ್ಕ ಮಾಡಿ ನೋಡ್ರಿ: ಆರಿ ಹೋದ್ರ ಡೆಡ್ ಟೈಮ್ ಕಮ್ಮಿ ಇತ್ತು, ಹಂಗೇ ಕೆಂಪಗ ಉಳಿದ್ರ ಮಿಲ್ಲರ್ ಕಾಟ, ಗೇಟ್ ರೆಸಿಸ್ಟರಿಗಿ ತಿರುಗಿ ಹೋಗ್ರಿ. ಮಾಡ್ಯೂಲ್ ಕಳಕೊಳ್ಳದೇ ಎರಡು ರೋಗ ಬ್ಯಾರೆ ಮಾಡ್ಲಿಕ್ಕ ಇದಕ್ಕಿಂತ ಸೋವಿ ದಾರಿ ನನಗ ಗೊತ್ತಿಲ್ಲ. ಬಸ್ ಆಫ್ ಮಾಡಿದ ಮ್ಯಾಲ ಕೆಪಾಸಿಟರ್ ಖಾಲಿ ಆಗ್ಯದ ಅಂತ ಮೀಟರ್ ಹಿಡಿದು ನೋಡಿ ಆಮ್ಯಾಲನೇ ಕೈ ಹಾಕ್ರಿ, ಮನ್ಯಾಗಿನ ಮಂದಿ ಕಾಯ್ತಿರ್ತಾರ.

ಕೊನೀದು, ಬಲ್ಬ್ ತೆಗೆಯೋ ಮುಂಚೆ ಟೈಮರ್ 1ರ ಬ್ರೇಕ್ ಪಿನ್ ವೈರ್ ಮಾಡ್ರಿ. ಬಸ್ಸಿನ ಮೈನಸ್ ಲೈನಿನ್ಯಾಗ ಒಂದು ಶಂಟ್ (ಕರೆಂಟ್ ಅಳೆಯೋ ಸಣ್ಣ ರೆಸಿಸ್ಟರ್), ಅದಕ್ಕ ಒಂದು ಫಾಸ್ಟ್ ಕಂಪ್ಯಾರೇಟರ್, ಅದರ ಔಟ್‌ಪುಟ್ ಐಸೊಲೇಟ್ ಮಾಡಿ ಬ್ರೇಕ್ ಪಿನ್ನಿಗಿ. ಭಾಳಷ್ಟು ಐಜಿಬಿಟಿ ಶಾರ್ಟ್ ಸರ್ಕ್ಯೂಟ್ ತಡಕೊಳ್ಳೋದು 10 ಮೈಕ್ರೊಸೆಕೆಂಡ್ ಮಾತ್ರ, ನಿಮ್ಮ ಇಂಟರಪ್ಟ್ ಎದ್ದು ಕೋಡ್ ಓಡೋತನ ಕೆಲವೊಮ್ಮಿ ಅದು ಮುಗಿದೇ ಹೋಗಿರ್ತದ, ಬ್ರೇಕ್ ಪಿನ್ ಮಾತ್ರ ಪ್ರೋಸೆಸರಿನ್ನ ಕೇಳದೇ ಆರೂ ಔಟ್‌ಪುಟ್ ಆಫ್ ಮಾಡ್ತದ. ಕಂಪ್ಯಾರೇಟರಿಗಿ ಫಿಲ್ಟರ್ ಹಾಕುವಾಗ 1 ಮೈಕ್ರೊಸೆಕೆಂಡಿನ ಒಳಗ ಇಡ್ರಿ. ಗೇಟ್ ವೇವ್ ಎರಡೂ ಒಂದೇ ಪರದೆದಾಗ ಬರೋ ಫೋಟೊ, ಗೇಟ್ ಸರ್ಕ್ಯೂಟಿನ ಚಿತ್ರ, ಮತ್ತ ಬಿಡಿಟಿಆರಿಗಿ ನೀವು ಬರೆದ ನಂಬರ್ ಕಳಸಿದ್ರ ಮುಂದಿಂದು ನೋಡಿ ಹೇಳ್ತೀನಿ.